ಹೆಸರಿಲ್ಲದ ಬಡಿತ

ಬಂಡೆಯೊಳಗಿಂದಲೂ ಮಾತು ಹಾದು ಬರಬಲ್ಲದು ಎಂಬುದನ್ನು ನಂಬಲು ಹೊನ್ನಕುಣಿ ಗಣಿಯ ಜನಕ್ಕೆ ಬಹಳ ದಿನ ಬೇಕಾಯಿತು. ಚಿನ್ನದ ಎಳೆಯನ್ನು ಬೆನ್ನಟ್ಟಿ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ರೇಡಿಯೊ ಕೇಳಿಸದು. ತಂತಿ ಎಳೆದರೆ ಕಲ್ಲು ಜರುಗಿದಾಗ ಹರಿದುಹೋಗುತ್ತದೆ. ಗಂಡಸರನ್ನು ಕೆಳಗಿಳಿಸುವ ಕೇಜು ಕಣ್ಮರೆಯಾದ ಮೇಲೆ ಕಾಲೊನಿಯ ಹೆಂಗಸರು ಅವರ ಮಾತೇ ಎತ್ತುತ್ತಿರಲಿಲ್ಲ. ಕೇಜು ಮತ್ತೆ ಮೇಲೆ ಬಂದಾಗಲೇ ಮಾತು ಮುಂದುವರಿಯುತ್ತಿತ್ತು.

ಬಂಡೆಯಲೆ ಬಂದ ಮೇಲೆ ಇದು ಬದಲಾಯಿತು. ತೀರ ಸಾವಕಾಶವಾಗಿ ಏರಿಳಿಯುವ ಕಾಂತದ ಅಲೆ ಅದು; ಕಲ್ಲು ಅದಕ್ಕೆ ಲೆಕ್ಕವೇ ಅಲ್ಲ. ಕಾರ್ಮಿಕನ ತಲೆಯ ಲ್ಯಾಂಪಿಗೆ ಜೋಡಿಸಿದ ಸೊಂಟದ ಬ್ಯಾಟರಿ ಡಬ್ಬಿಯಲ್ಲಿ ಒಂದು ಸುರುಳಿ, ನಾಲ್ಕಾರು ಗುಂಡಿ, ಬೆರಳಗಲದ ಒಂದು ಪರದೆ. ಅಷ್ಟಿದ್ದರೆ ಸಾಕು, ಅವನು ಪಾತಾಳದಿಂದ ಟಪಾಲು ಕಳಿಸಬಹುದಿತ್ತು. ಆದರೆ ಅಲೆ ನಿಧಾನ. ಒಂದು ಸಾಲು ಮೇಲೆ ಬರುವಷ್ಟರಲ್ಲಿ ಒಲೆಯ ಮೇಲಿಟ್ಟ ಚಹಾ ಕುದಿದಿರುತ್ತದೆ. ಮೇಲಾಗಿ ಒಂದು ಹೊತ್ತಿಗೆ ಒಬ್ಬರ ಮಾತಷ್ಟೇ ಅದರಲ್ಲಿ ಹಾಯುತ್ತದೆ.

ಮೇಲಿನ ಕಂಟ್ರೋಲ್ ರೂಮಿನಲ್ಲಿ ಕೂತು ಆ ಟಪಾಲನ್ನು ಇಸಿದುಕೊಳ್ಳುವ ಸರ್ವರನ್ನು ಬರೆದವಳು ನೀಲಾಂಬಿಕಾ. ಅದಕ್ಕೆ ಮುಖವಿಲ್ಲ, ಕಿಟಕಿಯಿಲ್ಲ. ಕಂಪ್ಯೂಟರು ಚಾಲೂ ಆದೊಡನೆ ಎದ್ದು, ಎಲ್ಲದರ ಹಿಂದೆ ಸರಿದು ಕೂತು, ಬರೀ ಕಿವಿಯಾಗಿ ಕಾಯುತ್ತದೆ. ಕೆಳಗಿನ ಲ್ಯಾಂಪೊಂದು ಬಡಿದರೆ ‘ಯಾರು?’ ಎನ್ನುತ್ತದೆ. ಹೆಸರು ಹೇಳಿದರೆ ‘ಯಾರಿಗೆ?’ ಎನ್ನುತ್ತದೆ. ಹೇಳಿದ್ದನ್ನು ಕೇಳಿಸಿಕೊಂಡು ಕಳಿಸುತ್ತದೆ, ಮತ್ತೆ ಕಾಯುತ್ತದೆ. ನೀಲಾಳ ಸ್ವಭಾವಕ್ಕೂ ಈ ಕೆಲಸಕ್ಕೂ ಚೆನ್ನಾಗಿ ಹೊಂದಿತ್ತು. ಮಾತಾಡುವುದಕ್ಕಿಂತ, ಎದುರಿನವರು ಸುಮ್ಮನಾದಾಗ ಅದು ಎಂಥ ಮೌನ ಎಂದು ಯೋಚಿಸುವುದೇ ಅವಳಿಗೆ ಚಿಕ್ಕಂದಿನಿಂದ ರೂಢಿ.

ಮೊದಲ ವಾರವೇ ದೆವ್ವಗಳು ಬಂದವು. ಗಣಿಯ ನೀರೆತ್ತುವ ಪಂಪಿನ ಮೋಟರು ತಿರುಗಿದಾಗ, ಸಿಡಿಮದ್ದು ಸಿಡಿದಾಗ ಹುಟ್ಟುವ ಚೂರುಪಾರು ಅಲೆಗಳು ಲ್ಯಾಂಪಿನ ಬಡಿತದ ಹಾಗೆಯೇ ಬಂದು ಬಡಿಯುತ್ತಿದ್ದವು. ಒಮ್ಮೊಮ್ಮೆ ಸರ್ವರು ಕೆಳಗೆ ಕಳಿಸಿದ ಮಾತೇ ಬೆಣಚುಕಲ್ಲಿಗೆ ತಾಗಿ ವಾಪಸು ಬರುತ್ತಿತ್ತು. ಸರ್ವರು ಪ್ರತಿಯೊಂದಕ್ಕೂ ಬಾಗಿಲು ತೆರೆದು ‘ಯಾರು?’ ಎಂದು ಕೇಳಿ ಕಾಯುವುದು, ಆ ಕಡೆ ಯಾರೂ ಇಲ್ಲದಿರುವುದು. ಅಷ್ಟು ಹೊತ್ತು ನಿಜವಾದ ಮನುಷ್ಯರ ಟಪಾಲು ಕೆಳಗೇ ಕೊಳೆಯುತ್ತಿತ್ತು.

ನೀಲಾ ಹುಡುಗಿಯಾಗಿದ್ದಾಗ ಓಣಿಯಲ್ಲಿ ದೆವ್ವ ತಿರುಗುತ್ತಿದೆಯೆಂದು ಸುದ್ದಿಯಾದಾಗಲೆಲ್ಲ ಎಲ್ಲರ ಬಾಗಿಲ ಮೇಲೂ ಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ದೆವ್ವ ಅದನ್ನು ಓದಿ ತಿರುಗಿ ಹೋಗುತ್ತದೆ. ಅವಳು ಅದನ್ನೇ ಸರ್ವರಿಗೆ ಕಲಿಸಿದಳು. ಪಟ್ಟಿಯಲ್ಲಿ ಹೆಸರಿದ್ದ ಲ್ಯಾಂಪು ಬಡಿದರೆ ತೆರೆ. ಹೆಸರಿಲ್ಲದ್ದು ಬಡಿದರೆ ‘ಆಮೇಲೆ ಬಾ’ ಎಂದು ಕೂಡಲೇ ಕಳಿಸು. ನಿಜವಾದ ಲ್ಯಾಂಪಾದರೆ ಸ್ವಲ್ಪ ಹೊತ್ತಿನೊಳಗೇ ಇನ್ನೊಮ್ಮೆ ಬರುತ್ತದೆ, ಆಗ ಒಳಗೆ ಬಿಡು. ಪ್ರತಿಧ್ವನಿ ಎರಡನೆಯ ಸಲ ಬರುವುದಿಲ್ಲ. ಉತ್ತರದ ಸಾಲನ್ನು ತುಂಬುವ ಜಾಗದಲ್ಲಿ ತಮಾಷೆಗೆ ‘ನಾಳೆ ಬಾ’ ಎಂದೇ ಬರೆದಳು.

ಸುರಕ್ಷತಾ ಅಧಿಕಾರಿ ಪ್ರಹ್ಲಾದ ದೇಸಾಯಿ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. “ಭಾಳ ಛಲೋ ಆತು ನೋಡ್ರಿ ನೀಲಮ್ಮ. ನಿಂಬಿಹಣ್ಣು ಒಂದು ಕಟ್ಟಿಬಿಡ್ರಿ, ಮುಗದೇ ಹೋತು.”

ಆಷಾಢದ ಒಂದು ಮುಂಜಾನೆ ಕಾಲೊನಿಯ ಅಡುಗೆಮನೆಗಳಲ್ಲಿ ಪಾತ್ರೆಗಳು ತಾವಾಗಿ ಅಲುಗಿದವು. ಸೈರನ್ ಕೂಗುವ ಮೊದಲೇ ಎಲ್ಲರಿಗೂ ತಿಳಿದಿತ್ತು. ಆಳದ ಬಂಡೆ ಒತ್ತಡ ತಾಳದೆ ಸಿಡಿದಿತ್ತು.

ಕಂಟ್ರೋಲ್ ರೂಮಿಗೆ ಓಡಿ ಬಂದ ನೀಲಾ ಕುರ್ಚಿಯ ಮೇಲೆ ಕೂತಳೋ ಇಲ್ಲವೋ, ಬಡಿತ ಬಂತು. ಹೆಸರು ಶರಣಬಸು. ಅವಳ ಗಂಡ, ಆ ಪಾಳಿಯ ಮೇಸ್ತ್ರಿ.

‘ನಾಕು ಮಂದಿ ಅದೀವಿ. ಪಶ್ಚಿಮದ ಆಸರೆ ಕೋಣಿ. ದಾರಿ ಮುಚ್ಚೇದ. ಗಾಳಿ ನಾಡಿದ್ದಿನತನಕ.’

ಬೇರೆ ಎಲ್ಲರೂ ಮೇಲೆ ಬಂದಿದ್ದರು. ದೇಸಾಯಿ ಕೇಜು ಇಳಿಯುವ ಪಕ್ಕದ ಇನ್ನೊಂದು ಬಾವಿಯಿಂದ ಕೊರೆಯುವ ಯಂತ್ರ ಹೂಡಿಸಿ, ಅದರವರೆಗೆ ಫೋನಿನ ತಂತಿ ಎಳೆಸಿದರು. ಆದರೆ ಆ ಬಾವಿಗೂ ಆಸರೆ ಕೋಣೆಗೂ ನಡುವೆ ಹಳೆಯ ಕಾಲದ ಸುರಂಗಗಳಿದ್ದವು, ಬಾಯಿತನಕ ನೀರು ತುಂಬಿಕೊಂಡು. ಬಂಡೆ ಸಿಡಿದ ಮೇಲೆ ನಕ್ಷೆಗಳನ್ನು ನಂಬುವ ಹಾಗಿರಲಿಲ್ಲ. ಉಳಿದದ್ದು ಒಂದೇ ಉಪಾಯ. ಡ್ರಿಲ್ಲಿನ ಸಪ್ಪಳ ಯಾವ ಕಡೆಯಿಂದ ಕೇಳುತ್ತಿದೆ ಎಂದು ಒಳಗಿನವರು ಬರೆಯಬೇಕು, ಅದನ್ನು ನೋಡಿ ಯಂತ್ರದವರು ತಿರುಗಿಸಿಕೊಳ್ಳಬೇಕು. ಸ್ವಲ್ಪ ತಪ್ಪಿದರೆ ಹಳೆಯ ನೀರೆಲ್ಲ ನಾಲ್ವರ ಮೇಲೆ.

“ಪಂಪು ನಿಲ್ಲಿಸ್ರಿ,” ಎಂದರು ದೇಸಾಯಿ. “ನಿಂತ್ರ ನೀರು ಏರೂದು ಪೂರ್ವದಾಗ, ಅಲ್ಲಿ ಮನಷ್ಯಾರಿಲ್ಲ. ಮೋಟರು ತಿರುಗಿದ್ರ ದೆವ್ವಗೋಳು ಗುಂಪುಗಟ್ಟಿ ಬರ್ತಾವ. ನನಗ ಆ ಸಾಲು ಸ್ವಚ್ಛ ಇರಬೇಕು.”

ಪಂಪು ನಿಂತಿತು. ಒಂದು ಹಗಲು, ಒಂದು ರಾತ್ರಿ ಡ್ರಿಲ್ಲು ಶರಣಬಸುವಿನ ಟಪಾಲು ಹಿಡಿದುಕೊಂಡು ಕುರುಡನಂತೆ ತಡವರಿಸುತ್ತ ಮುಂದೆ ಸರಿಯಿತು.

ಮರುದಿನ ಬೆಳಿಗ್ಗೆ ದೇಸಾಯಿಯೇ ಅವಳನ್ನು ಒತ್ತಾಯದಿಂದ ಮನೆಗೆ ಕಳಿಸಿದರು, ಮುಖ ತೊಳೆದು ಒಂದು ರೊಟ್ಟಿಯಾದರೂ ತಿಂದು ಬರಲೆಂದು. ಅತ್ತೆ ಬಸಲಿಂಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಮಗನ ಬಗ್ಗೆ ಏನೂ ಕೇಳಲಿಲ್ಲ. ಬಡಿದ ರೊಟ್ಟಿ ತಿನ್ನುವವರಿಲ್ಲದೆ ಬುಟ್ಟಿಯಲ್ಲಿ ಏರುತ್ತಿದ್ದವು. ಅವಳು ಇನ್ನೊಂದು ಹಿಟ್ಟಿನುಂಡೆ ಹಿಡಿದುಕೊಳ್ಳುತ್ತಿದ್ದಳು.

ಹೊಸ್ತಿಲಾಚೆ ಒಬ್ಬಳು ಬಂದು ನಿಂತಳು. ತಲೆಯ ಮೇಲೆ ಸೆರಗು, ಕಾಲಲ್ಲಿ ಚಪ್ಪಲಿಯಿಲ್ಲ.

“ಅಕ್ಕಾರ, ನಾನು ದುರುಗಮ್ಮರಿ, ಕಂತ್ರಾಟದವರ ಲೈನಿನಾಕಿ. ನಮ್ಮನಿಯವರ ಟಪಾಲು ಏನರ ಬಂತೇನ್ರಿ? ಹುಸೇನಪ್ಪ ಅಂತ್ರಿ.”

“ಕೆಳಗ ನಾಕೇ ಮಂದಿ ಅದಾರವ್ವ. ಹುಸೇನಪ್ಪ ಅನ್ನೋರು ಯಾರೂ ಇಲ್ಲ.”

“ಗೇಟಿನಾಗೂ ಹಂಗ ಅಂದ್ರು. ‘ನಿನ್ನ ಗಂಡ ಎಲ್ಲೋ ಕುಡದು ಬಿದ್ದಾನ, ಹುಡುಕ್ಕೋ ಹೋಗು’ ಅಂತ ನಕ್ಕರ್ರಿ.” ದುರುಗಮ್ಮ ದನಿ ತಗ್ಗಿಸಿದಳು. “ನಮ್ಮ ಅಣ್ಣಗ ಜ್ವರ ಬಂದಿತ್ತು. ಅವನ ಬದ್ಲಿ ಇವ್ರು ಇಳದಾರ್ರಿ.”

ನೀಲಾ ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟಳು. ಬದ್ಲಿ ಅಲ್ಲಿ ಎಲ್ಲರಿಗೂ ಗೊತ್ತಿದ್ದು, ಯಾರೂ ಬಾಯಿಬಿಡದ ಸಂಗತಿ. ಕಂತ್ರಾಟದವನು ಜ್ವರ ಬಂದು ಮಲಗಿದರೆ ಕೆಲಸದಿಂದ ಹೆಸರು ಹೊಡೆದುಹಾಕುತ್ತಾರೆ. ಹಾಗಾಗಬಾರದೆಂದು ಮನೆಯ ಇನ್ನೊಬ್ಬ ಗಂಡಸು ಅವನ ಹೆಸರಿನ ಹಾಜರಿ ಬಿಲ್ಲೆ ತೋರಿಸಿ ಕೇಜು ಹತ್ತುತ್ತಾನೆ. ಲ್ಯಾಂಪು ಕೊಡುವವನು ಕಂಡೂ ಕಾಣದ ಹಾಗೆ ಮೂಲೆಯಲ್ಲಿ ಬಿದ್ದಿರುವ, ಯಾರ ಹೆಸರಿಗೂ ಇಲ್ಲದ ಹಳೆಯದೊಂದನ್ನು ಕೈಗಿಡುತ್ತಾನೆ. ಬಂಡೆ ಸಿಡಿದ ದಿನ ಎಣಿಸುವವರು ಬಿಲ್ಲೆಯ ಹೆಸರು ಹಿಡಿದು ಮನೆಗೆ ಹೋಗಿದ್ದರು. ಬಿಲ್ಲೆಯ ಯಜಮಾನ ಕಂಬಳಿ ಹೊದ್ದು ಮಲಗಿದ್ದ. ಮೇಲೆ ಬಂದಿದ್ದಾನೆ ಎಂದುಕೊಂಡು ಹೊರಟುಹೋದರು.

“ನಿನ್ನ ಅಣ್ಣ ಯಾಕ ಹೇಳಲಿಲ್ಲ?”

“ಹೇಳಿದ್ರ ಇಬ್ಬರನ್ನೂ ತಗೀತಾರಂತ ಅಂಜ್ಯಾನ್ರಿ. ಬೆಳತನಕ ಅಳಾಕತ್ತಿದ್ದ. ನಾನಽ ಎದ್ದು ಬಂದೆ.”

ಬಸಲಿಂಗಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. “ನೀಲಾ, ಆ ಹಳೀ ಲ್ಯಾಂಪಿಗೆ ಹೆಸರಿಲ್ಲಲ್ಲ. ಅದು ಬಡದ್ರ ನಿನ್ನ ಬಾಗಲು ಏನಂತದ?”

“ನಾಳೆ ಬಾ ಅಂತದ ಅತ್ತಿ. ಖರೇ ಇದ್ರ ಮತ್ತೊಮ್ಮಿ ಬಡೀತದ ಅಂತ ಹಂಗ ಮಾಡೀನಿ.”

ಹೇಳುವಾಗಲೇ ಅವಳಿಗೆ ಹೊಳೆಯಿತು. ಹೊಸ ಲ್ಯಾಂಪುಗಳು ತಾವಾಗಿಯೇ ಮತ್ತೆ ಬಡಿಯುತ್ತವೆ. ಹಳೆಯವು ಬಡಿಯುವುದಿಲ್ಲ. ಬಂದ ಉತ್ತರವನ್ನು ಪರದೆಯ ಮೇಲೆ ತೋರಿಸಿ ಸುಮ್ಮನಾಗುತ್ತವೆ. ಮನುಷ್ಯನೇ ಮತ್ತೆ ಗುಂಡಿ ಒತ್ತಬೇಕು.

“ಯವ್ವಾ,” ಎಂದಳು ಬಸಲಿಂಗಮ್ಮ, ಬಹಳ ಮೆಲ್ಲಗೆ, “ಕತ್ತಲಾಗ ಸಿಕ್ಕೊಂಡಾವ ಅದನ್ನ ಓದಿದ್ರ ಏನು ತಿಳಕೋತಾನ? ಮ್ಯಾಲಿನವರ ಲೆಕ್ಕದಾಗ ನಾ ಸತ್ತೀನಿ ಅಂತ ತಿಳಕೊಳ್ಳೂದಿಲ್ಲೇನು?”

ದುರುಗಮ್ಮ ಇಬ್ಬರ ಮುಖವನ್ನೂ ನೋಡಿದಳು. ನೀಲಾ ಚಪ್ಪಲಿ ಮೆಟ್ಟಿಕೊಂಡು ಆಗಲೇ ಅಂಗಳ ದಾಟಿದ್ದಳು. ದುರುಗಮ್ಮ ಅವಳ ಹಿಂದೆಯೇ ಓಡಿದಳು.

ತಿರುಗಿ ಕಳಿಸಿದ ಬಡಿತಗಳನ್ನು ಸರ್ವರು ಗುರುತು ಮಾಡಿ ಇಟ್ಟಿತ್ತು. ಬಂಡೆ ಸಿಡಿದಾಗಿನಿಂದ ನೂರಾರು. ಒಂದೂ ಎರಡನೆಯ ಸಲ ಬಂದಿರಲಿಲ್ಲ. ಅವುಗಳಲ್ಲಿ ಯಾವುದು ಕಲ್ಲು, ಯಾವುದು ಮನುಷ್ಯ ಎಂದು ಹೇಳುವ ದಾರಿಯಿರಲಿಲ್ಲ. ತಾನಾಗಿ ಕೆಳಗಿಳಿದು ಹುಡುಕಲು ಸರ್ವರಿಗೆ ಬರುವುದಿಲ್ಲ. ಬಂದವರಿಗೆ ಬಾಗಿಲು ತೆರೆಯುವುದಷ್ಟೇ ಅದರ ಕೆಲಸ. ಇಷ್ಟು ತಡವಾಗಿ ಅವನು ಇನ್ನೊಮ್ಮೆ ಬಡಿದರೂ ಸರ್ವರು ಅದನ್ನು ಹೊಸ ಬಡಿತವೆಂದೇ ತಿಳಿದು ತಿರುಗಿ ಕಳಿಸುತ್ತದೆ; ಆ ಹೊತ್ತಿಗೆ ಬಾಗಿಲು ತೆರೆದಿರಬೇಕು. ಹೆಸರಿಲ್ಲದ ಎಲ್ಲದಕ್ಕೂ ತೆರೆದಿರಬೇಕು.

ಅವಳು ಹೇಳಿದ್ದನ್ನು ಕೇಳಿ ದೇಸಾಯಿ ಕನ್ನಡಕ ತೆಗೆದರು.

“ನೀಲಮ್ಮ, ನಿಮ್ಮ ಯಜಮಾನರ ಜೀವ ಆ ಸಾಲಿನ ಮ್ಯಾಲ ನಿಂತದ. ಅದನ್ನ ನೀವು ದೆವ್ವಗೋಳಿಗೆ ಕೊಡ್ತೀನಿ ಅಂತೀರಲ್ಲ.”

“ದೆವ್ವ ಆದ್ರ ಮಾತಾಡಂಗಿಲ್ಲ ಸರ್. ಹೋಗ್ತದ.”

“ಒಂದು ಹೋದ್ರ ಇನ್ನೊಂದು ಬರ್ತದ. ಅಷ್ಟರಾಗ ಡ್ರಿಲ್ಲು ನೀರಿಗೆ ಹೋಗಿ ಬಡದ್ರ?”

“ಅಲ್ಲಿತನಕ ಡ್ರಿಲ್ಲು ನಿಲ್ಲಿಸ್ರಿ.”

“ಡ್ರಿಲ್ಲು ನಿಲ್ತದ. ಅವರ ಉಸಿರು ನಿಲ್ತದೇನ್ರಿ? ನಾಕು ಮಂದಿ ಇದ್ದದ್ದು ಖಾತ್ರಿ ಅದ. ಈತ ಇದ್ದದ್ದು ಬರೇ ಒಬ್ಬಾಕಿ ಬಾಯಿಮಾತು.”

ಆ ಒಬ್ಬಾಕೆ ಹೊರಗೆ ವರಾಂಡದ ಕಂಬಕ್ಕೆ ಒರಗಿ ಕೂತಿದ್ದಳು. ಇಬ್ಬರಿಗೂ ಅವಳ ಪಾದಗಳು ಬಾಗಿಲಿನಿಂದ ಕಾಣುತ್ತಿದ್ದವು. ದೇಸಾಯಿ ಅತ್ತ ನೋಡಿ, ಮತ್ತೆ ಕನ್ನಡಕ ಹಾಕಿಕೊಂಡರು.

“ನಾನೂ ಹೂಂ ಅನ್ನೂದಿಲ್ಲ, ನೀವೂ ಅನ್ನಬ್ಯಾಡ್ರಿ. ಕೆಳಗಿನವರನ್ನ ಕೇಳ್ರಿ. ಗಾಳಿ ಅವರದು.”

ನೀಲಾ ಬರೆದಳು: ‘ಕೆಳಗ ಬ್ಯಾರೆ ಕಡೆ ಇನ್ನೊಬ್ಬ ಇರಬಹುದು. ಖಾತ್ರಿ ಇಲ್ಲ. ಅವನ ಸಲುವಾಗಿ ಬಾಗಲು ತೆರದ್ರ ಡ್ರಿಲ್ಲು ನಿಲ್ಲಿಸಬೇಕು. ಎಷ್ಟು ಹೊತ್ತೋ ಗೊತ್ತಿಲ್ಲ. ಏನಂತೀರಿ?’ ಕೊನೆಗೆ ಗಂಡನಿಗೆಂದು ಇನ್ನೊಂದು ಮಾತು ಸೇರಿಸಿದಳು, ಅಳಿಸಿದಳು, ಕಳಿಸಿದಳು.

ಉತ್ತರ ಬರಲು ಬಹಳ ಹೊತ್ತಾಯಿತು. ಅಲೆಯ ನಿಧಾನ ಎಷ್ಟೆಂದು ಅವಳಿಗೆ ತಿಳಿದಿತ್ತು. ಇದು ಅದಕ್ಕಿಂತ ಹೆಚ್ಚಿತ್ತು. ಆ ಹೆಚ್ಚಿನ ಹೊತ್ತಿನಲ್ಲಿ ಬೆವರು ನಾರುವ ಆ ಸಣ್ಣ ಕೋಣೆಯಲ್ಲಿ ನಾಲ್ವರು ಒಬ್ಬರ ಮುಖ ಒಬ್ಬರು ನೋಡುತ್ತಿರುವುದು ಅವಳ ಕಣ್ಣಿಗೆ ಕಟ್ಟಿತು.

‘ಮೂರು ಮಂದಿ ಹೂಂ ಅಂದಾರ. ಒಬ್ಬ ಸುಮ್ನದಾನ. ತೆರಿ.’

“ಸುಮ್ನಿದ್ದಾವ ಯಾರಂತ?” ದೇಸಾಯಿ ಕೇಳಿದರು.

“ಬರದಿಲ್ಲ ಸರ್.”

ಬದಲಾಯಿಸಬೇಕಾದದ್ದು ಕೆಲವೇ ಸಾಲುಗಳು. ಹೆಸರಿಲ್ಲದವರನ್ನು ತಿರುಗಿ ಕಳಿಸುವ ನಿಯಮವನ್ನು ಅವಳು ಕಿತ್ತುಹಾಕಿದಳು. ಆಮೇಲೆ ಒಂದು ಅಂಕಿಯ ಮುಂದೆ ಕೈ ನಿಂತಿತು. ‘ಯಾರು?’ ಎಂದು ಕೇಳಿದ ಮೇಲೆ ಎಷ್ಟು ಹೊತ್ತು ಕಾಯಬೇಕು? ಹೆಚ್ಚು ಕಾದರೆ ಒಳಗಿನ ನಾಲ್ವರ ಗಾಳಿ ಹೋಗುತ್ತದೆ. ಕಡಿಮೆ ಕಾದರೆ, ನಡುಗುವ ಬೆರಳಿನ ಮನುಷ್ಯನೊಬ್ಬ ಮೊದಲ ಅಕ್ಷರ ಒತ್ತುವ ಮುಂಚೆಯೇ ಬಾಗಿಲು ಮುಚ್ಚುತ್ತದೆ. ಕತ್ತಲಲ್ಲಿ ಗುಂಡಿ ತಡಕುವ ಕೈಯನ್ನು ನೆನೆದು ಒಂದು ಅಂಕಿ ಹಾಕಿದಳು. ಸರ್ವರು ಒಮ್ಮೆ ಮಲಗಿ ಎದ್ದು, ಮತ್ತೆ ಹಿಂದೆ ಸರಿದು ಕೂತಿತು.

ಡ್ರಿಲ್ಲು ನಿಂತಿತು. ನಿನ್ನೆಯಿಂದ ಎಲ್ಲರ ಕಾಲಡಿ ಗುಮ್ಮೆನ್ನುತ್ತಿದ್ದ ನೆಲ ಸುಮ್ಮನಾಯಿತು. ಗೇಟಿನ ಬಳಿ ಸೇರಿದ್ದ ಜನ ಒಮ್ಮೆಲೇ ಎದ್ದು ನಿಂತರು.

ಬಡಿತಗಳು ಬರತೊಡಗಿದವು. ಪಂಪು ನಿಂತಿದ್ದರೂ, ಇನ್ನೂ ಬಿರಿಯುತ್ತಿದ್ದ ಬಂಡೆ ತನ್ನ ದೆವ್ವಗಳನ್ನು ಕಳಿಸುತ್ತಲೇ ಇತ್ತು. ಬಾಗಿಲು ತೆರೆಯಿತು. ‘ಯಾರು?’ ಎಂದಿತು. ಆಚೆ ಯಾರೂ ಇಲ್ಲ. ಮುಚ್ಚಿತು. ಮತ್ತೆ ಬಡಿತ, ಮತ್ತೆ ‘ಯಾರು?’ ಈ ಸದ್ದಿಲ್ಲದ ಸಂಪರ್ಕಗಳು ಎಲ್ಲ ಒಂದೇ ಥರ ಎಂದು ನೀಲಾಳಿಗೆ ಬರಬರುತ್ತ ತಿಳಿಯಿತು. ಪ್ರತಿಧ್ವನಿ ಬಂದು ತಾಗಿ ಸತ್ತುಹೋಗುತ್ತದೆ. ತೆರೆದ ಬಾಗಿಲಾಚೆ ಏನೂ ಉಳಿದಿರುವುದಿಲ್ಲ, ಬಾವಿಯ ಹಾಗೆ ಖಾಲಿ.

“ಸಾಕೇನ್ರಿ?” ದೇಸಾಯಿ ಕೇಳಿದರು.

“ಇನ್ನಷ್ಟು ಸರ್.”

“ನೀಲಮ್ಮ, ಇನ್ನಷ್ಟು ಅಂದ್ರ ಎಷ್ಟು?”

ಆಗ ಒಂದು ಬಡಿತ ಬಂತು. ಬಾಗಿಲು ತೆರೆಯಿತು, ‘ಯಾರು?’ ಎಂದಿತು. ಉತ್ತರವಿಲ್ಲ. ಆದರೆ ಅಲೆ ಸಾಯಲಿಲ್ಲ. ಸಣ್ಣಗೆ, ಒಂದೇ ಸಮ ನಿಂತಿತ್ತು. ಯಾರೋ ಗುಂಡಿ ಒತ್ತಿ ಹಿಡಿದಿರಬೇಕು. ಕಾಯುವ ಹೊತ್ತು ಮುಗಿಯುತ್ತ ಬಂತು. ನೀಲಾ ಕೈಯಿಂದಲೇ ಅದನ್ನು ಹಿಗ್ಗಿಸಿದಳು.

“ಏನು ಮಾಡಾಕತ್ತೀರಿ? ಅದೂ ಸುಮ್ನೇ ಅದ. ಕಡೀರಿ.”

“ಇದು ಹಂಗ ಸುಮ್ನಿಲ್ಲ ಸರ್. ಇದು ಕೇಳಾಕತ್ತದ.”

ಅವಳು ಕೆಳಗೆ ಬರೆದು ಕಳಿಸಿದಳು: ‘ನಾವು ಅದೀವಿ. ಹೇಳ್ರಿ.’

ಪರದೆಯ ಮೇಲೆ ಒಂದು ಅಕ್ಷರ ಮೂಡಿತು. ‘ನಾ’. ಬಹಳ ಹೊತ್ತಿನ ಮೇಲೆ ‘ಳೆ’. ಆಮೇಲೆ ‘ಬಾ’.

ದೇಸಾಯಿ ಉಸಿರುಬಿಟ್ಟರು. “ನೋಡ್ರಿ, ಆತಲ್ಲ. ನಿನ್ನೆ ನೀವು ಕಳಿಸಿದ್ದಽ ಕಲ್ಲಿಗೆ ಬಡದು ತಿರುಗಿ ಬಂತು. ಇನ್ನ ಮುಚ್ರಿ. ಡ್ರಿಲ್ಲಿನವರಿಗೆ ಫೋನು ಮಾಡ್ತೀನಿ.”

ನೀಲಾಳ ಬೆರಳು ಕೀಲಿಯ ಮೇಲಿತ್ತು. ತನ್ನದೇ ಮಾತು, ತಾನು ಬರೆದ ಹಾಗೆಯೇ ವಾಪಸು ಬಂದಿತ್ತು. ಇದಕ್ಕಿಂತ ಖಚಿತವಾದ ದೆವ್ವ ಇನ್ನೊಂದಿರಲು ಸಾಧ್ಯವಿರಲಿಲ್ಲ. ಅವಳು ಗಂಡನನ್ನು ನೆನೆದಳು. ಒತ್ತಬೇಕೆಂದೇ ಬೆರಳು ಬಾಗಿಸಿದಳು. ಆದರೆ ಅಕ್ಷರಕ್ಕೂ ಅಕ್ಷರಕ್ಕೂ ನಡುವೆ ಅಂತರ ಒಂದೇ ಇರಲಿಲ್ಲ. ಕಲ್ಲು ಹೇಳಿದ್ದನ್ನು ಹೇಳಿದ ಲಯದಲ್ಲೇ ಹಿಂತಿರುಗಿಸುತ್ತದೆ. ಇದು ಹುಡುಕಿ ಹುಡುಕಿ ಒತ್ತಿದ್ದು.

‘ಅಂ’ ಎಂದು ಮೂಡಿತು.

ದೇಸಾಯಿ ಫೋನು ಹಿಡಿದ ಕೈ ಕೆಳಗಿಳಿಸಿದರು.

‘ನಾಳೆ ಬಾ ಅಂದಿದ್ರಿ. ಬಂದೀನಿ. ಹುಸೇನಪ್ಪ.’

ಅದರ ಬೆನ್ನಿಗೇ ಇನ್ನೊಂದು ಸಾಲು ಬರತೊಡಗಿತ್ತು. ‘ಪೂರ್ವದ ಕೊನಿ. ನೀರು ಎದಿಮಟ ಬಂತು.’

“ಪಂಪು,” ಎಂದರು ದೇಸಾಯಿ. “ನಾನಽ ನಿಲ್ಲಿಸೇನಿ.” ಫೋನಿನ ಗುಂಡಿಯ ಮೇಲಿಟ್ಟ ಬೆರಳು ತೆಗೆದು, “ಹಚ್ಚಿದ್ರ ದೆವ್ವಗೋಳು ಬಂದು ಪಶ್ಚಿಮದ ಸಾಲು ಮುಚ್ತಾವ. ಹಚ್ಚದಿದ್ರ ಈತ ಮುಳುಗ್ತಾನ.”

ನೀಲಾ ಆಗಲೇ ಬರೆಯುತ್ತಿದ್ದಳು. “ಈಗ ಇವನ ಹೆಸರು ಗೊತ್ತಾತಲ್ಲ ಸರ್. ಇವನ ಲ್ಯಾಂಪಿಗೆ ಹೆಸರು ಕೊಡ್ತೀನಿ. ಹೆಸರಿಲ್ಲದವಕ್ಕ ಇನ್ನ ಮ್ಯಾಲೆ ಉತ್ತರಾನಽ ಕೊಡೂದಿಲ್ಲ. ಎಷ್ಟರ ಬಡೀಲಿ, ನಮ್ಮ ಸಾಲು ಹಿಡಿಯಂಗಿಲ್ಲ.”

“ಅವನ ಹಂಗ ಇನ್ನೂ ಯಾರರ ಇದ್ರ?”

ಅದೇ ಪ್ರಶ್ನೆ ಅವಳನ್ನೂ ಕುಟುಕಿತ್ತು. ಕೆಳಗೆ ಕೇಳಿದಳು: ‘ನಿಮ್ಮ ಜೋಡಿ ಮತ್ತ ಯಾರದಾರ? ಬದ್ಲಿ ಬಂದವರು ಯಾರರ?’

‘ಇಲ್ರಿ. ನಾ ಒಬ್ಬನ.’

ಹೆಸರು ಸೇರಿತು. ಪಂಪು ಗುಡುಗುತ್ತ ಎದ್ದಿತು, ಅದರ ಹಿಂದೆಯೇ ಡ್ರಿಲ್ಲು. ದೆವ್ವಗಳು ಹಿಂಡುಹಿಂಡಾಗಿ ಬಂದು ಬಡಿದವು. ಬಾಗಿಲು ಅವುಗಳಿಗೆ ‘ನಾಳೆ ಬಾ’ ಎಂದು ಕೂಡ ಹೇಳಲಿಲ್ಲ. ಆ ಗದ್ದಲದ ನಡುವೆ ಶರಣಬಸುವಿನ ಟಪಾಲು ಬಂತು: ‘ಸಪ್ಪಳ ಮತ್ತ ಕೇಳಾಕತ್ತದ. ಮ್ಯಾಲೆ, ಬಲಕ್ಕ.’ ಅದಾದ ಮೇಲೆ ಹುಸೇನಪ್ಪನದು: ‘ಅಷ್ಟಽ ಅದ. ಏರಿಲ್ಲ.’

ದೇಸಾಯಿ ಎದ್ದು ತಾವೇ ವರಾಂಡಕ್ಕೆ ಹೋದರು. ಅವರು ದುರುಗಮ್ಮನಿಗೆ ಏನು ಹೇಳಿದರೋ ನೀಲಾಳಿಗೆ ಕೇಳಿಸಲಿಲ್ಲ. ಅಧಿಕಾರಿಯೊಬ್ಬರು ಕಾಲು ಮಡಚಿ ನೆಲದ ಮೇಲೆ ಕೂತದ್ದಷ್ಟೇ ಬಾಗಿಲಿನಿಂದ ಕಂಡಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಡ್ರಿಲ್ಲು ಆಸರೆ ಕೋಣೆಯ ಗೋಡೆ ಒಡೆಯಿತು. ಒಬ್ಬೊಬ್ಬರಾಗಿ ನಾಲ್ವರೂ ಮೇಲೆ ಬಂದರು. ಗೇಟಿನ ಕಡೆಯಿಂದ ಕೂಗು, ಅಳು, ಬಸಲಿಂಗಮ್ಮನ ದನಿ ಕೂಡ ಕೇಳಿಸಿದವು. ನೀಲಾ ಕುರ್ಚಿ ಬಿಟ್ಟು ಏಳಲಿಲ್ಲ. ಯಂತ್ರವನ್ನು ಪೂರ್ವದ ಕಡೆ ತಿರುಗಿಸಿ ಹೂಡಿಯಾಗಿತ್ತು. ಹುಸೇನಪ್ಪ ಈಗ ಅದಕ್ಕೆ ದಾರಿ ಹೇಳುತ್ತಿದ್ದ. ಅವನ ಲ್ಯಾಂಪಿನ ಅಲೆ ತೆಳ್ಳಗಾಗುತ್ತ ಬಂದಿತ್ತು. ಸರ್ವರಿಗೆ ತಿಳಿಯದ ಒಂದೊಂದು ಅಕ್ಷರವನ್ನೂ ಅವಳು ಹೆಡ್‌ಫೋನ್ ಹಾಕಿಕೊಂಡು ಸದ್ದಿನೊಳಗಿಂದ ಹೆಕ್ಕಿ ತೆಗೆಯಬೇಕಾಗಿತ್ತು.

ಬೆನ್ನ ಹಿಂದೆ ಬಾಗಿಲು ಸರಿಯಿತು. ಕಂಬಳಿ ಹೊದ್ದ ಶರಣಬಸು ಬಂದು ಪಕ್ಕದ ಸ್ಟೂಲಿನ ಮೇಲೆ ಕೂತ. ಡಾಕ್ಟರ ಕೈಯಿಂದ ತಪ್ಪಿಸಿಕೊಂಡು ಬಂದಿದ್ದ. ಮೈಯಿಂದ ಕಲ್ಲಿನ ವಾಸನೆ ಬರುತ್ತಿತ್ತು. ಅವಳು ಪರದೆಯಿಂದ ಕಣ್ಣು ತೆಗೆಯದೆ ಎಡಗೈ ಚಾಚಿ ಅವನ ಮೊಣಕಾಲು ಮುಟ್ಟಿದಳು.

“ಹೆಂಗದಾನ ಅವ?” ಅವನ ದನಿ ಒಡೆದಿತ್ತು.

“ನೀರು ಹೊಟ್ಟಿಗೆ ಇಳದದ. ಬ್ಯಾಟರಿ ಮುಗೀಲಿಕ್ಕೆ ಬಂದದ.”

ಶರಣಬಸು ಕಂಬಳಿಯನ್ನು ಬಿಗಿಯಾಗಿ ಸುತ್ತಿಕೊಂಡ.

“ನೀಲಾ,” ಎಂದ, “ಸುಮ್ನಿದ್ದಾವ ನಾನಽ.”

ಅವಳು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದಳು.

“ಆ ಮೂರೂ ಹುಡುಗರು ನಾ ಕೇಳೂದಽ ತಡ ಹೂಂ ಅಂದ್ರು. ನನಗ ಬಾಯಿ ಏಳಲಿಲ್ಲ. ಬದುಕಬೇಕು ಅನಸ್ತು. ಅವರಿಗಂಜಿ ತೆರಿ ಅಂತ ಬರದೆ.”

“ನಾನೂ ಮುಚ್ಚಲಿಕ್ಕೆ ಕೈ ಇಟ್ಟಿದ್ದೆ,” ಎಂದಳು ನೀಲಾ.

ಬಡಿತ ಬಂತು. ಹೆಸರು ಹುಸೇನಪ್ಪ. ಅವಳು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದಳು. ಫೋನು ಎತ್ತಲು ಅವಳಿಗೆ ಕೈ ಉಳಿದಿರಲಿಲ್ಲ. ದೇಸಾಯಿ ಯಂತ್ರದ ಬಳಿಗೇ ಇಳಿದುಹೋಗಿದ್ದರು.

“ಫೋನು ತಗೋರಿ,” ಎಂದಳು ಗಂಡನಿಗೆ. “ಡ್ರಿಲ್ಲಿನವರದು. ನಾ ಹೇಳಿದ್ದು ಹೇಳ್ರಿ. ಎಡಕ್ಕ.”

ಶರಣಬಸು ಕಂಬಳಿ ಜಾರಿಸಿ ಫೋನು ಎತ್ತಿದ. “ಎಡಕ್ಕ,” ಎಂದ.

“ಇನ್ನೂ ಎಡಕ್ಕ. ಕೆಳಗ.”

“ಇನ್ನೂ ಎಡಕ್ಕ! ಕೆಳಗ ತಗೋರಿ. ಅಲ್ಲೋ ಮಾರಾಯ, ಕೆಳಗ ಅಂದ್ರ ಕೆಳಗ. ಅವ ಕೇಳಾಕತ್ತಾನ ಅಲ್ಲಿ, ನೀ ಅಲ್ಲ!”

ಅಕ್ಷರಗಳು ವಿರಳವಾದವು. ಒಂದು ಬರುವುದು, ಎರಡು ತಪ್ಪುವುದು. ಆಮೇಲೆ ಏನೂ ಬರಲಿಲ್ಲ. ಅಲೆ ಮಾತ್ರ ನಿಂತಿತ್ತು, ಕೂದಲೆಳೆಯಷ್ಟು. ನೀಲಾ ಬಾಗಿಲು ತೆರೆದೇ ಇಟ್ಟಳು. ಶರಣಬಸು ಫೋನು ಕಿವಿಗೊತ್ತಿಕೊಂಡ. ಫೋನಿನಿಂದ ಯಾರದೋ ಕಿರುಚು ಕೇಳಿಸಿತು: ಡ್ರಿಲ್ಲು ಸಡಿಲಾತು, ಖಾಲಿಗೆ ಬಿತ್ತು!

ಪರದೆಯ ಮೇಲೆ ಒಂದು ಅಕ್ಷರ ಬಂತು, ಅದರ ಹಿಂದೆ ಮತ್ತೊಂದು. ನೀಲಾಳ ಕಣ್ಣು ಮಂಜಾಗಿ ಓದಲಾಗಲಿಲ್ಲ. ಶರಣಬಸು ಬಾಗಿ ನೋಡಿದ. ಆಮೇಲೆ ಬಾಗಿಲ ಕಡೆ ತಿರುಗಿ, ವರಾಂಡದಲ್ಲಿ ಕೂತವಳಿಗೆ ಕೇಳಿಸಲೆಂದು, ಇದ್ದಬದ್ದ ದನಿಯನ್ನೆಲ್ಲ ಕೂಡಿಸಿ ಗಟ್ಟಿಯಾಗಿ ಓದಿದ:

“ಗಾಳಿ ಬಂತು.”